ಗೊಣಗಜ್ಜ ಮುಳುಗಲಿಲ್ಲ

ಏಪ್ರಿಲ್ 20

ಇವತ್ತೂ ಹೇಳಲಿಲ್ಲ.

ಬೆಳಿಗ್ಗೆ ಅಪ್ಪನ ಜೊತೆ ಎರಡು ಕಡೆ ಹೋದೆ. ಸ್ಕೂಟರಿನಲ್ಲಿ ಟೂಲ್ ಬ್ಯಾಗ್ ಮುಂದೆ, ಗ್ಯಾಸ್ ಸಿಲಿಂಡರ್ ನಡುವೆ, ನಾನು ಹಿಂದೆ. ಏಸಿ ರಿಪೇರಿಯಲ್ಲಿ ನನಗೆ ಇಷ್ಟವಾಗುವುದು ಕೊನೆಯ ಭಾಗ — ಟೆಸ್ಟಿಂಗ್. ರೂಮು ತಣ್ಣಗಾಗುವವರೆಗೆ ಮೆಕ್ಯಾನಿಕ್ ಅಲ್ಲೇ ಕೂತು ನೋಡಬೇಕು. ಯಾರದೋ ಮನೆ, ಯಾರದೋ ಸೋಫಾ, ಯಾರದೋ ಕರೆಂಟು. ಬೆವರಿದ ಬೆನ್ನಿಗೆ ಆ ಮೊದಲ ಗಾಳಿ ತಗುಲಿದಾಗ ಆಗುವ ಸುಖ... ಅಪ್ಪ ಗಂಭೀರವಾಗಿ ಮುಖ ಮಾಡಿಕೊಂಡು, ಇನ್ನೂ ಸ್ವಲ್ಪ ನೋಡಬೇಕು ಮೇಡಂ, ಅನ್ನುತ್ತಾನೆ. ನೋಡುವುದೇನೂ ಇರುವುದಿಲ್ಲ. ನನಗೋಸ್ಕರ.

ಮನೆಗೆ ಬಂದರೆ ಬರೀ ಫ್ಯಾನು. ಊರಿಗೆಲ್ಲ ತಂಪು ಹಂಚುವವನ ಮನೆಯಲ್ಲಿ ಕಿಟಕಿಗೆ ಒದ್ದೆ ಬೆಡ್‌ಶೀಟು.

ಹೇಳಬೇಕು. ಇಲ್ಲಿಗೆ ಕಳಿಸುವಾಗ ಅಮ್ಮ ಕೇಳಿದ್ದಳು, ನಾನು ಹೇಳಲಾ, ನೀನೇ ಹೇಳುತ್ತೀಯಾ ಅಂತ. ದೊಡ್ಡ ಮನುಷ್ಯಳ ಹಾಗೆ ನಾನೇ ಹೇಳ್ತೀನಿ ಅಂದೆ. ಬಾಯಿ ಮುಚ್ಚಿಕೊಂಡಿರಬಾರದಿತ್ತಾ? ಜೂನಿನಿಂದ ಅಮ್ಮನಿಗೆ ಹೊಸ ಕೆಲಸ. ವಿಮಾನದಲ್ಲಿ ಹೋಗುವಷ್ಟು ದೂರ. ಅಲ್ಲಿನ ಸ್ಕೂಲಿನಲ್ಲಿ ಹೀಗೆ ಉದ್ದದ ರಜೆ ಇಲ್ಲವಂತೆ, ಚಿಲ್ಲರೆ ಚಿಲ್ಲರೆಯಾಗಿ ಕೊಡುತ್ತಾರಂತೆ. ಅಪ್ಪನ ಮನೆಯಲ್ಲಿ ಇದೇ ಕೊನೆಯ ಬೇಸಿಗೆ. ಅವನಿಗೆ ಗೊತ್ತಿಲ್ಲ.

ಏಪ್ರಿಲ್ 21

ಬೀರುವಿನ ಮೇಲಿಂದ ಪುಸ್ತಕ ಇಳಿಯಿತು. "ಏಳು ದೀಪಸ್ತಂಭಗಳು" — ಏಳನೇ ಭಾಗ, ಕೊನೆಯದು.

ಅಪ್ಪ ಅಮ್ಮ ಬೇರೆಯಾದ ವರ್ಷ ಶುರು ಮಾಡಿದ್ದು. ಬೇಸಿಗೆಗೊಂದು ಭಾಗ. ಮಧ್ಯಾಹ್ನ ಗಿರಾಕಿಗಳ ಟೆರೇಸಿನ ಮೇಲಿನ ಏಸಿ ಯೂನಿಟ್ ಮುಟ್ಟಿದರೆ ಕೈ ಸುಡುತ್ತದೆ, ಅದಕ್ಕೆ ಅಪ್ಪ ಬಿಸಿಲು ಇಳಿಯುವವರೆಗೆ ಮನೆಯಲ್ಲಿರುತ್ತಾನೆ. ನೆಲ ಒರೆಸಿ, ಚಾಪೆಯೂ ಇಲ್ಲದೆ ಇಬ್ಬರೂ ಮಲಗುತ್ತೇವೆ. ಅವನು ಓದುತ್ತಾನೆ, ನಾನು ಕೇಳುತ್ತೇನೆ. ನನಗೆ ಓದಲು ಬರುವುದಿಲ್ಲವಾ? ಬರುತ್ತದೆ. ಆದರೆ ಅಪ್ಪನ ಹಾಗೆ ದನಿ ಬರುವುದಿಲ್ಲ. ಹಡಗಿನ ಅಡುಗೆಯವನು ಗೊಣಗಜ್ಜ ಬಂದ ಕೂಡಲೇ ಅಪ್ಪ ಮೂಗು ಹಿಡಿದುಕೊಳ್ಳುತ್ತಾನೆ. ಉಪ್ಪು ಒದ್ದೆಯಾಯಿತು, ಮಂಡಿ ನೋಯುತ್ತದೆ, ಕಪ್ತಾನನಿಗೆ ತಲೆಯಿಲ್ಲ... ನಟ್ಟು ಬಿಚ್ಚಿಕೊಳ್ಳದಿದ್ದರೂ ಅಪ್ಪ ಅದೇ ದನಿಯಲ್ಲಿ ಬೈಯುತ್ತಾನೆ, ಗಿರಾಕಿಗಳ ಎದುರಿಗೇ.

ಪುಸ್ತಕ ಚಳಿಗಾಲದಲ್ಲೇ ಬಂದಿತ್ತು. ರಜೆವರೆಗೆ ಇಬ್ಬರೂ ತೆರೆಯಬಾರದು ಅಂತ ಫೋನಿನಲ್ಲಿ ಮಾತಾಗಿತ್ತು. ನಾನು ಮಾತು ತಪ್ಪಿದೆ. ಡಿಸೆಂಬರಿನಲ್ಲಿ ಕ್ಲಾಸಿನಲ್ಲಿ ಯಾರೋ ತಂದಿದ್ದರು. ಡೆಸ್ಕಿನ ಕೆಳಗಿಟ್ಟುಕೊಂಡು ಎರಡೇ ದಿನದಲ್ಲಿ ಮುಗಿಸಿದೆ.

ಗೊಣಗಜ್ಜ ಸಾಯುತ್ತಾನೆ.

ಹೊಟ್ಟೆಯಲ್ಲಿ ಈಗ ಎರಡು ಗುಟ್ಟು. ಊಟ ಎಲ್ಲಿಂದ ಇಳಿಯಬೇಕು?

ಏಪ್ರಿಲ್ 24

ಐಸ್‌ಕ್ರೀಮ್ ಅಂಗಡಿಯವನ ಫ್ರೀಜರ್ ಮತ್ತೆ ಕೈ ಕೊಟ್ಟಿತು. ಕಂಪ್ರೆಸರ್ ಸತ್ತಿದೆ, ಬದಲಾಯಿಸಲೇಬೇಕು. ಅಷ್ಟರಲ್ಲಿ ಮಾಲು ಕರಗತೊಡಗಿತು. ಅಂಗಡಿಯವನು ತಲೆ ಮೇಲೆ ಕೈ ಹೊತ್ತು, ತಿನ್ನಮ್ಮಾ, ಹೇಗೂ ಹಾಳಾಗುತ್ತದೆ, ಅಂದ. ಬೀದಿಯ ಮಕ್ಕಳನ್ನೆಲ್ಲ ಕೂಗಿ ಕರೆದೆ. ಮೊಣಕೈವರೆಗೆ ಸುರಿಸಿಕೊಂಡು ತಿಂದೆವು. ಪಾಪ ಅನ್ನಿಸಿತು, ಆದರೆ ನಾಲಿಗೆಗೆ ಪಾಪ ಗೀಪ ಗೊತ್ತಾಗುವುದಿಲ್ಲ.

ಓದು ಆಗಲಿಲ್ಲ. ಒಳ್ಳೆಯದೇ ಆಯಿತು.

ಏಪ್ರಿಲ್ 29

ಬಿಸಿಲಿನಲ್ಲಿ ಅಲೆದು ಬಂದು ಅಪ್ಪ ವಾಕ್ಯದ ನಡುವೆಯೇ ನಿದ್ದೆ ಹೋಗುತ್ತಾನೆ. ಎಬ್ಬಿಸುವುದಿಲ್ಲ. ನಿನ್ನೆ ಓದಿದ್ದನ್ನೇ ಇನ್ನೊಂದು ಸಲ ಓದಿಸಿಕೊಳ್ಳುತ್ತೇನೆ, ಅರ್ಥವಾಗಲಿಲ್ಲ ಅಂತ. ಆದರೂ ಪುಟಗಳು ತೆಳ್ಳಗಾಗುತ್ತಿವೆ. ಬಿರುಗಾಳಿ ಅಧ್ಯಾಯ ಹತ್ತಿರ ಬಂತು.

ಸಂಜೆ ಟೆರೇಸಿಗೆ ಪೈಪಿನಲ್ಲಿ ನೀರು ಬಿಟ್ಟೆವು. ಕಾದ ನೆಲದಿಂದ ಹಬೆ ಎದ್ದಿತು. ಅಪ್ಪ ಪೈಪನ್ನು ನನ್ನ ಕಡೆ ತಿರುಗಿಸಿ ತೋಯಿಸಿದ. ನಾನೂ ಬಿಡಲಿಲ್ಲ. ಇಬ್ಬರೂ ತೊಪ್ಪೆಯಾಗಿ ಕೂತು ಕಲ್ಲಂಗಡಿ ತಿಂದೆವು, ಬೀಜ ಯಾರು ದೂರ ಉಗಿಯುತ್ತಾರೆ ಅಂತ ಪಂದ್ಯ. ಈಗ ಹೇಳಿಬಿಡೋಣ ಅನ್ನಿಸಿತು. ಅಪ್ಪಾ, ಅಂದೆ. ಏನು ಮರಿ, ಅಂದ. ಇನ್ನೊಂದು ತುಂಡು ಕೊಡು, ಅಂದೆ.

ಮೇ 4

ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಇವತ್ತು ಆ ಪುಟ. ಬಿರುಗಾಳಿ. ಕೆಳಗಿನ ಕೋಣೆಯಲ್ಲಿ ನೀರು ನುಗ್ಗಿದೆ, ಹಡಗಿನ ಹುಡುಗಿ ಒಳಗೆ ಸಿಕ್ಕಿಕೊಂಡಿದ್ದಾಳೆ. ಗೊಣಗಜ್ಜ ಗೊಣಗುತ್ತಲೇ ಇಳಿದು ಅವಳನ್ನು ಮೇಲಕ್ಕೆ ತಳ್ಳುತ್ತಾನೆ. ಕೋಣೆಯ ಮೇಲಿನ ಮುಚ್ಚಳ ಬೀಳುತ್ತದೆ. "ಮುಚ್ಚಳ ಮತ್ತೆ ತೆರೆಯಲಿಲ್ಲ" — ಅಲ್ಲಿಗೆ ಅಧ್ಯಾಯ ಮುಗಿಯಬೇಕು. ಟವೆಲಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ಮಲಗಿದ್ದೆ. ಮೊದಲ ಸಲ ಕೇಳುವವಳ ಹಾಗೆ ಅಳಬೇಕಲ್ಲ.

ಅಪ್ಪ ಓದುತ್ತಾ ನಿಧಾನ ಮಾಡಿದ. ಆಮೇಲೆ ಓದಿದ — ಗೊಣಗಜ್ಜ ಸೊಂಟದಿಂದ ಅಡ್ಜಸ್ಟಬಲ್ ಸ್ಪ್ಯಾನರ್ ತೆಗೆದ. ಮುಚ್ಚಳದ ಬೋಲ್ಟನ್ನು ಎಡಕ್ಕೆ ತಿರುಗಿಸಿದ. ತುಕ್ಕು ಹಿಡಿದಿತ್ತು, ಎರಡು ಏಟು ಕೊಟ್ಟ. ಬೋಲ್ಟು ಸಡಿಲವಾಯಿತು. ಮೇಲೆ ಬಂದು ಮಂಡಿ ನೋವು ಅಂತ ಬೈಯತೊಡಗಿದ.

ಅಡುಗೆಯವನ ಸೊಂಟದಲ್ಲಿ ಸ್ಪ್ಯಾನರ್!

ಓರೆಗಣ್ಣಿನಿಂದ ನೋಡಿದೆ. ಅಪ್ಪನ ಕಣ್ಣು ಪುಟದ ಮೇಲೆ ಓಡುತ್ತಿರಲಿಲ್ಲ, ಒಂದೇ ಕಡೆ ನಿಂತಿತ್ತು. ಮೊದಲೇ ಓದಿಬಿಟ್ಟಿದ್ದಾನೆ. ಅವನೂ ಕಳ್ಳನೇ. ನಾನು ಅಳಬಾರದು ಅಂತ ಆ ಮುದುಕನನ್ನು ಬದುಕಿಸಿದ.

ಚೆನ್ನಾಗಿತ್ತಾ, ಅಂತ ಕೇಳಿದ. ತಲೆಯಾಡಿಸಿದೆ. ಬಾತ್‌ರೂಮಿಗೆ ಹೋಗಿ ನಲ್ಲಿ ಪೂರ್ತಿ ಬಿಟ್ಟು ಅತ್ತೆ.

ಮೇ 6

ಬದುಕಿಸುವುದು ಸುಲಭ, ಸಾಕುವುದು ಕಷ್ಟ. ಮುಂದಿನ ಅಧ್ಯಾಯದಲ್ಲಿ ಹಡಗಿಗೆ ಹಡಗೇ ಗೊಣಗಜ್ಜನಿಗಾಗಿ ಅಳುತ್ತದೆ. ಅಪ್ಪ ಏನು ಮಾಡುತ್ತಾನೋ ಅಂತ ನನಗೇ ಭಯ. ಅವನು ಹಡಗಿನ ಬೆಕ್ಕನ್ನು ಕೊಂದ. ಎಲ್ಲರೂ ಅತ್ತಿದ್ದು ಬೆಕ್ಕಿಗಾಗಿ. ಕಪ್ತಾನ ಬೆಕ್ಕಿನ ಧೈರ್ಯ, ತ್ಯಾಗ, ಅದು ಮಾಡುತ್ತಿದ್ದ ಗಂಜಿಯ ರುಚಿ ನೆನೆದು ಭಾಷಣ ಮಾಡಿದ. ಗಂಜಿ ಅನ್ನುವ ಹೊತ್ತಿಗೆ ಅಪ್ಪ ಬೆಚ್ಚಿ, ಪ್ರಿಂಟ್ ಮಿಸ್ಟೇಕು, ಅಂದ.

ಬೇಕಾದಷ್ಟು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅವನು ಪುಸ್ತಕವನ್ನು ಟೂಲ್ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿದ್ದ. ಮುಂದಿನದನ್ನು ಹೊಲಿದುಕೊಂಡು ಬರಲು. ಗಿರಾಕಿಗಳು ತಡವಾಯಿತು ಅಂತ ಬೈದರಂತೆ.

ಮೇ 9

ಮುಗಿಯಿತು. ಏಳನೇ ದೀಪ ಹೊತ್ತಿತು. ಕೊನೆಯ ಪುಟದಲ್ಲಿ ಗೊಣಗಜ್ಜ ದಡದಲ್ಲಿ ಕೂತು ಕಾಲು ನೀರಿಗೆ ಬಿಟ್ಟುಕೊಂಡಿದ್ದ. ಪುಸ್ತಕದಲ್ಲಿ ಅಲ್ಲಿ ಯಾರೂ ಇಲ್ಲ, ಖಾಲಿ ದಡ.

ಅಪ್ಪ ಪುಸ್ತಕ ಮುಚ್ಚಿದ. ಮುಂದಕ್ಕೆ ತಳ್ಳಲು ಇನ್ನು ಯಾವ ನೆಪವೂ ಉಳಿದಿರಲಿಲ್ಲ. ಹೇಳಿಬಿಟ್ಟೆ. ಜೂನು, ಕೆಲಸ, ವಿಮಾನ, ರಜೆ ಇಲ್ಲ — ಎಲ್ಲ ಒಂದೇ ಉಸಿರಿನಲ್ಲಿ.

"ಗೊತ್ತು ಮರಿ," ಅಂದ. "ನೀನು ಬರೋಕೆ ಮುಂಚೆನೇ ನಿಮ್ಮಮ್ಮ ಫೋನ್ ಮಾಡಿದ್ಲು."

"ಮತ್ತೆ ಯಾಕೆ ಸುಮ್ನಿದ್ದೆ?"

"ನಿನ್ನ ಬಾಯಲ್ಲಿ ಬರೋವರೆಗೂ ರಜೆ ರಜೆ ಥರಾನೇ ಇರ್ಲಿ ಅಂತ."

ಬೇಡ ಅಂತ ಅಮ್ಮನಿಗೆ ಹೇಳು ಅಂದೆ. ಜಗಳ ಮಾಡು ಅಂದೆ. ಎಷ್ಟು ಕೂಗಿದೆನೋ, ಪಕ್ಕದ ಮನೆಯ ಕಿಟಕಿ ತೆರೆಯಿತು.

"ಅವಳಿಗೆ ಒಳ್ಳೆ ಕೆಲಸ, ನಿನಗೆ ಒಳ್ಳೆ ಸ್ಕೂಲು," ಅಂದ. "ಯಾವ ಮುಖ ಇಟ್ಕೊಂಡು ಬೇಡ ಅನ್ಲಿ, ನೀನೇ ಹೇಳು."

ಅಪ್ಪ ಒದ್ದೆ ಟವೆಲ್ ಮುಖದ ಮೇಲೆ ಹಾಕಿಕೊಂಡು, ಏನು ಸೆಕೆ, ಅಂದ. ನಾನು ಪಕ್ಕದಲ್ಲೇ ಮಲಗಿಕೊಂಡೆ. ಸಂಜೆಯವರೆಗೂ ಫೋನ್ ಹೊಡೆದುಕೊಳ್ಳುತ್ತಿತ್ತು. ಅವನು ಎತ್ತಲಿಲ್ಲ.

ಮೇ 11, ಬಸ್ಸಿನಲ್ಲಿ

ಹೊರಡುವಾಗ, ಏಳನೇ ಭಾಗ ನನಗೆ ಕೊಡು ಅಂದೆ. ಆರನೇವರೆಗೆ ತಗೊಂಡು ಹೋಗು, ಇದು ಇಲ್ಲೇ ಇರಲಿ, ಅಂದ. ಯಾಕೆ ಅಂತ ಗೊತ್ತಿತ್ತು. ಕೇಳಲಿಲ್ಲ.

ಜೂನ್ 17

ಹೊಸ ಮನೆ. ಎಲ್ಲ ರೂಮಿಗೂ ಏಸಿ. ಕೂತು ನೋಡುವವರು ಯಾರೂ ಬೇಡ.

ಅಪ್ಪನ ಫೋನು. ಊಟ ಆಯ್ತಾ, ಸ್ಕೂಲು ಹೇಗಿದೆ, ಅಲ್ಲಿ ಸೆಕೆ ಇದೆಯಾ. ಅಲ್ಲಿಗೆ ಮಾತು ಖಾಲಿ. ಆಮೇಲೆ ಅಪ್ಪನೇ ಶುರು ಮಾಡಿದ. ಗೊಣಗಜ್ಜ ಎಂಟನೇ ದೀಪಸ್ತಂಭ ಹುಡುಕಿಕೊಂಡು ಹೊರಟಿದ್ದಾನಂತೆ. ಒಬ್ಬನೇ. ಸತ್ತ ಬೆಕ್ಕನ್ನು ನೆನೆದು ರಾತ್ರಿಯೆಲ್ಲ ನಿದ್ದೆ ಇಲ್ಲವಂತೆ.

"ಪಾಪ, ಬೆಕ್ಕನ್ನೂ ಬದುಕಿಸಿಬಿಡು ಅಪ್ಪಾ."

ಬಾಯಿಂದ ಬಿದ್ದೇ ಹೋಯಿತು.

ಲೈನು ಹೋಯಿತೇನೋ ಅಂದುಕೊಂಡೆ. ಹೋಗಿರಲಿಲ್ಲ, ಫ್ಯಾನು ತಿರುಗುವುದು ಕೇಳುತ್ತಿತ್ತು.

"ಯಾವಾಗ ಓದಿದೆ?"

"ಡಿಸೆಂಬರಲ್ಲಿ."

ಬೈಯಲಿಲ್ಲ. ನಗಲೂ ಇಲ್ಲ. ಗೊಣಗಜ್ಜನ ದನಿಯಲ್ಲಿ ಏನೋ ಹೇಳಲು ಹೋದ. ಆ ದನಿ ಬರಲಿಲ್ಲ. ಇನ್ನೊಂದು ಸಲ ಹೋದ. ನಾನು ಇಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡು, ನನ್ನ ಮೂಗು ಹಿಡಿದುಕೊಂಡು, ಅಯ್ಯೋ ನನ್ನ ಮಂಡಿ, ಅಂದೆ.