ಬೀಗ ಹಾಕಿದ ಕೋಣೆಯ ಡಿವಿಡಿ ರೈಟರ್

ರಾಣೆಬೆನ್ನೂರು
೧೮ ಮೇ ೨೦೦೬

ಪ್ರೀತಿಯ ಶ್ರೀವಾಣಿ ಮೇಡಂ,

ಹಾವೇರಿಯ ಕಂಪ್ಯೂಟರ್ ತರಗತಿಯಲ್ಲಿ ನೀವು ಕಲಿಸಿದ್ದು ಮದುವೆಯಾದ ಮೇಲೂ ಉಪಯೋಗಕ್ಕೆ ಬಂತು. ನಮ್ಮ ಫೋಟೋ ಸ್ಟುಡಿಯೋದ ಡಿವಿಡಿ ರೈಟರ್ ಹೊಸ ಡಿಸ್ಕುಗಳನ್ನು ಓದುತ್ತಿರಲಿಲ್ಲ. ಅದನ್ನು ನಡೆಸುವ ಹಳೆಯ ತಂತ್ರಾಂಶವನ್ನು, ಅಂದರೆ ಫರ್ಮ್‌ವೇರನ್ನು, ಮೊದಲು ಫ್ಲಾಪಿಗೆ ಉಳಿಸಿಕೊಂಡು, ಆಮೇಲೆ ಹೊಸದನ್ನು ತುಂಬತೊಡಗಿದೆ. ಅರ್ಧದಲ್ಲಿ ಕರೆಂಟು ಹೋಯಿತು. ಡ್ರೈವ್ ಮತ್ತೆ ಏಳಲಿಲ್ಲ.

“ನಿನಗ್ಯಾಕ ಬೇಕಿತ್ತು ಈ ಉಸಾಬರಿ? ಇನ್ನ ಕಂಪ್ಯೂಟರ್ ಮುಟ್ಟಬ್ಯಾಡ,” ಎಂದು ಯಜಮಾನರು ಮನೆಯಲ್ಲಿ ಕಂಪ್ಯೂಟರ್ ಇಟ್ಟಿದ್ದ ಕೋಣೆಗೆ ಬೀಗ ಹಾಕಿ ಮೆಕ್ಯಾನಿಕ್‌ಗೆ ಫೋನ್ ಮಾಡಿದರು.

ಮರುದಿನ ಮದುವೆಯ ಫೋಟೋ ತೆಗೆಯಲು ಅವರು ಬ್ಯಾಡಗಿಗೆ ಹೋಗಿದ್ದರು. ಮಧ್ಯಾಹ್ನ ಅತ್ತೆಯವರು ಮಲಗಿದಾಗ ಕೀಲಿ ತೆಗೆದುಕೊಂಡು ಒಳಗೆ ಹೋದೆ. ಫ್ಲಾಪಿಯಿಂದ ಹಳೆಯ ಫರ್ಮ್‌ವೇರನ್ನೇ ಮರಳಿ ತುಂಬಿದೆ. ಗುಂಡಿ ಒತ್ತಿದಾಗ ಟ್ರೇ ಹೊರಗೆ ಬಂತು. ಯಾರಿಗೂ ಹೇಳುವಂತಿರಲಿಲ್ಲ. ಬೀಗ ಹಾಕಿ, ಬಂದು ಅಕ್ಕಿ ಆರಿಸಲು ಕುಳಿತೆ.

ನಿನ್ನೆ ಮೆಕ್ಯಾನಿಕ್ ಬಂದು ಕೇಬಲ್ ಬಿಚ್ಚಿ ಮತ್ತೆ ಸಿಕ್ಕಿಸಿದರು. “ಈಗ ಛಲೋ ನಡೀತೈತಿ ನೋಡ್ರಿ,” ಎಂದರು.

“ನೀವು ಕೈ ಇಟ್ರ ಸಾಕು ನೋಡ್ರಿ,” ಎಂದು ಯಜಮಾನರು ಹೊಗಳಿದರು. ನಾನು ಇಬ್ಬರಿಗೂ ಚಹಾ ಕೊಟ್ಟೆ. ಮೆಕ್ಯಾನಿಕ್ ಹೋದ ಮೇಲೆ ಕೋಣೆಗೆ ಮತ್ತೆ ಬೀಗ ಬಿತ್ತು.

ಮೇಡಂ, ಒಂದು ಉಪಕಾರ ಮಾಡಿ. ನಿಮ್ಮ ತರಗತಿಗೆ ಕಲಿಸುವವರು ಬೇಕು, ನನ್ನನ್ನು ಕಳಿಸಿಕೊಡಿ ಎಂದು ಯಜಮಾನರನ್ನು ಕೇಳಿ. ಈ ಪತ್ರದ ವಿಷಯ ಎತ್ತಬೇಡಿ. ಬರೀ ಹೆಣ್ಣುಮಕ್ಕಳ ತರಗತಿ ಎಂದರೆ ಒಪ್ಪಿಯಾರು. ನನಗೆ ಏನು ಬರುತ್ತದೆಂದು ಅವರು ಕೇಳಿದರೆ, ಟೈಪಿಂಗ್ ಅಷ್ಟೇ ಎನ್ನಿ.

ನಿಮ್ಮ ವಿದ್ಯಾರ್ಥಿನಿ,
ನಲಿನಿ