ಸಾರಾಬಾಯಿಯ ಶುಕ್ರವಾರದ ಲೋಟ

ಶಂಕರಪುರ
13–3–1959, ಶುಕ್ರವಾರ

ಪ್ರೀತಿಯ ಮಗಳು ಝೀಟಾಳಿಗೆ ಅಮ್ಮನ ಆಶೀರ್ವಾದ.

ಇವತ್ತು ತಪಸ್ಸುಕಾಲದ ಶುಕ್ರವಾರ, ನನಗೆ ಒಪ್ಪೊತ್ತು. ಮಲ್ಲಿಗೆ ಮೊಗ್ಗು ಕೊಯ್ದು, ಕಟ್ಟಿ ಕಳಿಸಿ, ದನಕ್ಕೆ ಹುಲ್ಲು ಹಾಕಿ ಈಗ ಕುಳಿತೆ. ನೀನು ವಿಠಲನನ್ನು ಮದುವೆಯಾಗಿ ಕಾರ್ಕಳಕ್ಕೆ ಹೋಗಿ ಒಂದೂವರೆ ವರ್ಷವಾಯಿತು. ನಿನ್ನ ನಾಲ್ಕು ಕಾಗದಗಳಿಗೆ ಇದು ನನ್ನ ಮೊದಲ ಉತ್ತರ. ನೆಪ ಹೇಳುವುದಿಲ್ಲ. ಕೊಂಕಣಿ ಬಿಟ್ಟು ಕನ್ನಡದಲ್ಲಿ ಬರೆಯುತ್ತಿದ್ದೇನೆ, ವಿಠಲನೂ ಓದಲಿ. ನಿಮ್ಮ ಮನೆಯಲ್ಲಿ ನನಗಿನ್ನೂ ಜಾಗ ಉಂಟಾ ಎಂದು ತಿಳಿಯಬೇಕು.

ನಮ್ಮ ಬದಿಯ ಕೋಣೆಗೆ ಬಾಡಿಗೆಗೆ ಬಂದವರು ಸಾರಾಬಾಯಿ, ಹೆರಿಗೆ ಆಸ್ಪತ್ರೆಯ ನರ್ಸು. ಬೊಂಬಾಯಿಯ ಯೆಹೂದ್ಯರು. ಅವರದು ಮರಾಠಿ, ನನ್ನದು ಕೊಂಕಣಿ, ಹೇಗೋ ಮಾತು ನಡೆಯುತ್ತದೆ. ಶುಕ್ರವಾರ ಸಂಜೆ ಅವರಿಗೆ ಸಬ್ಬತ್ ಶುರು, ವಾರಕ್ಕೊಮ್ಮೆ ಬರುವ ವಿಶ್ರಾಂತಿಯ ಪವಿತ್ರ ದಿನ. ಲೋಟ ತುಂಬ ದ್ರಾಕ್ಷಾರಸ ಹಿಡಿದು ಪ್ರಾರ್ಥನೆ ಹೇಳಬೇಕು. ಒಣದ್ರಾಕ್ಷಿ ನೆನೆಸಿ ಕಿವುಚಿ ತಾವೇ ಮಾಡಿಕೊಳ್ಳುತ್ತಾರೆ. ಹೋದ ತಿಂಗಳ ಕೊನೆಗೆ ಬೊಂಬಾಯಿಯ ಪಾರ್ಸೆಲ್ ಬರಲಿಲ್ಲ, ದ್ರಾಕ್ಷಿ ಮುಗಿಯಿತು.

ನಾನು ಸುಮ್ಮನಿರುವವಳಾ? ಕ್ರಿಸ್ಮಸ್ಸಿಗೆ ಮಾಡಿ ಅಕ್ಕಿ ಮುಡಿಯ ಹಿಂದೆ ಅಡಗಿಸಿಟ್ಟ ವೈನಿನ ಬಾಟ್ಲಿ ಸೆರಗಿನಲ್ಲಿ ಮುಚ್ಚಿ ಅವರ ಕೋಣೆಗೆ ಒಯ್ದೆ. "ಪಾನನಿರೋಧದ ಕಾಲ ಮಾರಾಯ್ತಿ, ಪೊಲೀಸರು ಬಂದರೆ ನನಗೆ ನಿನ್ನ ಗುರುತೇ ಇಲ್ಲ," ಎಂದರು ನಿನ್ನ ಅಪ್ಪ. ಸಾರಾಬಾಯಿ ಕೈಮುಗಿದು ಹೇಳಿದರು, "ಬಾಯಿ, ಬೇಸರಿಸಬೇಡಿ. ಬೇರೆ ಧರ್ಮದವರ ಕೈಯ ವೈನು ನಮಗೆ ಆಗುವುದಿಲ್ಲ."

ಮೂರು ದಿನ ನಾನು ಅವರೊಡನೆ ಮಾತಾಡಲಿಲ್ಲ.

ನಾಲ್ಕನೆಯ ದಿನ ಅವರೇ ಅಡುಗೆಮನೆಗೆ ಬಂದು ಮಣೆ ಎಳೆದು ಕುಳಿತರು. "ದ್ರಾಕ್ಷಾರಸ ಸಿಗದ ಊರಿನಲ್ಲಿ, ಆ ಊರಿನವರು ನೆಂಟರಿಗೆ ಮರ್ಯಾದೆಯಿಂದ ಕೊಡುವ ಪಾನೀಯ ನಡೆಯುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ನೀರು ಮಾತ್ರ ಆಗದು. ಇಲ್ಲಿ ಎಂತ ಕೊಡುತ್ತೀರಿ?"

"ಬೆಲ್ಲ ನೀರು," ಎಂದರು ಅಪ್ಪ.

"ನೀರು ಆಗದು ಎಂದರಲ್ಲ, ಕಿವಿ ಎಲ್ಲಿಟ್ಟಿದ್ದೀರಿ?" ಎಂದಳು ಆಚೆಮನೆಯ ಅಪ್ಪಿ. "ಎಳನೀರು ಕೊಡಿ."

"ಅದು ಜ್ವರದವರಿಗೆ," ಎಂದರು ಅಪ್ಪ.

"ಹಾಗಾದರೆ ಮಜ್ಜಿಗೆ."

"ಅದು ಕೆಲಸದವರಿಗೆ."

ಸಾರಾಬಾಯಿ ನಕ್ಕು ನನ್ನ ಕಡೆ ತಿರುಗಿದರು. "ನೀವು ಹೇಳಿ. ಮಗಳನ್ನು ಕೊಟ್ಟ ಮನೆಗೆ ಹೋದರೆ ನಿಮಗೆ ಎಂತ ಕೊಡುತ್ತಾರೆ?"

"ಕಾಫಿ," ಎಂದೆ. ಎದ್ದು ಒಲೆಗೆ ಕಟ್ಟಿಗೆ ಒಡ್ಡಿದೆ.

ಹೋದ ಶುಕ್ರವಾರ ಅವರು ಹೊತ್ತು ಮುಳುಗುವ ಮೊದಲೇ ತಮ್ಮ ಒಲೆಯಲ್ಲಿ ಕಾಫಿ ಕಾಯಿಸಿಟ್ಟರು, ಆಮೇಲೆ ಬೆಂಕಿ ಮುಟ್ಟುವ ಹಾಗಿಲ್ಲವಂತೆ. ಬೆಳ್ಳಿ ಲೋಟ ತುಂಬಿ, ಎದ್ದು ನಿಂತು ಪ್ರಾರ್ಥನೆ ಹಾಡಿ, ಕುಡಿದು, ನಮಗೂ ಕೊಟ್ಟರು. "ಸಕ್ಕರೆ ಕಡಿಮೆ," ಎಂದು ಅಪ್ಪ ನನ್ನ ಕಿವಿಯಲ್ಲಿ ಹೇಳಿದರು. ಎರಡನೆಯ ಸಲ ಲೋಟ ಚಾಚಿದವರೂ ಅವರೇ.

ಮರಿಯಮ್ಮ ನಿಮ್ಮಿಬ್ಬರನ್ನೂ ಕಾಪಾಡಲಿ. ವಿಠಲನ ತಾಯಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಅಮ್ಮ,
ಪ್ರೆಸಿಲ್ಲಾ

ತಾ.ಕ.: ಹೋದ ವರ್ಷ ಅಪ್ಪನ ಒತ್ತಾಯಕ್ಕೆ ನಾನು ಒಂದೇ ಸಲ ನಿಮ್ಮಲ್ಲಿಗೆ ಬಂದಿದ್ದೆನಲ್ಲ. ನೀನು ಕಾಫಿ ತಂದಿಟ್ಟೆ, ವಿಠಲನ ತಾಯಿ ಲೋಟವನ್ನು ನನ್ನ ಹತ್ತಿರ ಸರಿಸಿದರು. ಬಾಯಾರಿಕೆ ಇಲ್ಲ ಎಂದೆ. ಬಸ್ಸಿನ ಧೂಳಿಗೆ ಗಂಟಲು ಒಣಗಿತ್ತು, ಆದರೂ ಕಾಫಿಗೆ ಕೆನೆ ಕಟ್ಟುವವರೆಗೆ ಮುಟ್ಟದೆ ಕೂತು ಎದ್ದುಬಂದೆ. ಬೇಡ ಎನ್ನಲು ಸಾರಾಬಾಯಿಗೆ ಕಟ್ಟಳೆ ಇತ್ತು. ನನಗಿದ್ದದ್ದು ಹಠ. ಈಸ್ಟರಿನ ಮರುದಿನ ಬರಲಾ? ಬುಧವಾರ ಹೂ ಮಾರಲು ಕಾರ್ಕಳಕ್ಕೆ ಬರುವ ಅಲೋಶಿಯಸ್ ನಿಮ್ಮ ಬಾಗಿಲಿಗೆ ಬರುತ್ತಾನೆ. ಬಾ ಎಂದಾಗಲಿ ಬೇಡ ಎಂದಾಗಲಿ, ಬರೆದು ಅವನ ಕೈಯಲ್ಲಿ ಕೊಡು.