ಬಿಗಿದ ಮೂರು ಕ್ಲಿಪ್ಪುಗಳು

ಅಕ್ಕಾ,

ನೀನು ಕೈಯಾರೆ ಗಾಜು ಉಜ್ಜಿ ಮಾಡಿದ ಟೆಲಿಸ್ಕೋಪು ಈಗ ನನ್ನ ಮನೆಯಲ್ಲಿದೆ ಎಂಬುದನ್ನು ನಿನಗೆ ಹೇಳಲೇಬಾರದು ಎಂದುಕೊಂಡಿದ್ದೆ. ಹೇಳಿದರೆ ನೀನು ಬಂದುಬಿಡುತ್ತೀಯ.

ಭಾನುವಾರ ಭಾವ ಅದನ್ನು ಹೊತ್ತು ತಂದು ನಡುಮನೆಯಲ್ಲಿ ನಿಲ್ಲಿಸಿದರು. ನಾನು ಬುಡದ ಕನ್ನಡಿಯನ್ನು ಬಗ್ಗಿ ನೋಡಿದೆ. ಅದನ್ನು ಹಿಡಿದಿರುವ ಕ್ಲಿಪ್ಪಿಗೂ ಗಾಜಿಗೂ ನಡುವೆ ಒಂದು ಹಾಳೆ ಸಲೀಸಾಗಿ ಜಾರಬೇಕು, ಕ್ಲಿಪ್ಪು ಗಾಜನ್ನು ಅದುಮಿದರೆ ನಕ್ಷತ್ರ ಮೂರು ಮೂಲೆಯಾಗಿ ಕಾಣುತ್ತದೆ ಎನ್ನುತ್ತಿದ್ದೆಯಲ್ಲ. ಮೂರು ಕ್ಲಿಪ್ಪುಗಳಲ್ಲೂ ಹಾಳೆ ತೂರಲಿಲ್ಲ. ಸ್ಕ್ರೂಡ್ರೈವರ್ ತರಲು ಎದ್ದೆ.

"ಬಿಡಮ್ಮ, ಬೇಕಂತಲೇ ಬಿಗಿ ಮಾಡಿದ್ದೀನಿ," ಎಂದರು. "ನಿಮ್ಮಕ್ಕ ಗಂಡನ್ನ ಬಿಟ್ಟಿರ್ತಾಳೆ, ಇದರ ಕತ್ತು ಹಿಸುಕಿದ್ರೆ ಸುಮ್ನಿರ್ತಾಳಾ? ಒಂದು ಕಾಗದ ಬರೆದು ಹಾಕು, ಓಡಿ ಬರ್ತಾಳೆ."

"ಅವಳ ವಿಳಾಸ ನಂಗೆಲ್ಲಿ ಗೊತ್ತು ಭಾವ?"

"ನಿಂಗೆ ಸುಳ್ಳು ಹೇಳೋಕೂ ಬರಲ್ಲ, ಪಾಪ," ಎಂದು ನಕ್ಕು, ಕುಡಿಯಲು ನೀರು ಕೇಳಿದರು.

ಅವರ ದನಿ ಅಷ್ಟು ಮೆತ್ತಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮನೆ ಬಿಡುವ ಮೊದಲು ನೀನು ಫೋನಿನಲ್ಲಿ ಹೇಳಲು ಹೊರಟು ನಿಲ್ಲಿಸಿದ್ದು ಇದೇ ಇರಬಹುದೇ?

ಈಗ ದಿನಾ ಸಂಜೆ ಬಂದು ಸ್ಕ್ರೂಗಳನ್ನು ಮುಟ್ಟಿ ನೋಡುತ್ತಾರೆ. ಸಡಿಲವಾಗಿದ್ದರೆ ನೀನು ಬಂದಿದ್ದೆ ಎಂದೇ ಲೆಕ್ಕ. ಅದಕ್ಕೇ ನಾನು ಕೈ ಹಾಕಿಲ್ಲ, ಬೈಯಬೇಡ. ಮಿಕ್ಕ ಹೊತ್ತು ಎದುರಿನ ಅಂಚೆಡಬ್ಬದ ಪಕ್ಕ ಕಾರಿನಲ್ಲಿ ಕೂತಿರುತ್ತಾರೆ. ನಾನು ಬೇರೆ ಬೀದಿಗೆ ಹೋದರೆ ಕಾರೂ ಹಿಂದೆಯೇ ಬರುತ್ತದೆ. ಕಾಗದ ಅವರ ಕೈಗೆ ಸಿಕ್ಕರೆ ವಿಳಾಸವೂ ಸಿಕ್ಕಂತೆ.

ತಮ್ಮ ರಜೆ ಹತ್ತಕ್ಕೆ ಮುಗಿಯುತ್ತದೆ ಎಂದಿದ್ದರು. ಇವತ್ತು, ಇಪ್ಪತ್ತೆರಡರವರೆಗೆ ವಿಸ್ತರಿಸಿಕೊಂಡೆ ಎಂದರು. ಹಾಗಾದರೆ ಈ ಕಾಗದವನ್ನು ಹನ್ನೊಂದಕ್ಕಲ್ಲ, ಇಪ್ಪತ್ಮೂರಕ್ಕೆ ಅಂಚೆಗೆ ಹಾಕುತ್ತೇನೆ.